ಕಾಡುಹೂಗಳ ಒಗಟು

ನಿಧಿ ಎಂದರೆ ಸಾಕು, ನಮ್ಮ ಕಡೆ ಮಕ್ಕಳ ಕಿವಿ ನೆಟ್ಟಗಾಗುತ್ತಿತ್ತು. ಊರಾಚೆಯ ಹಾಳು ಗುಡಿಯ ಹಿಂದೆ ಕೊಪ್ಪರಿಗೆಯಿದೆ, ಅದಕ್ಕೆ ಸರ್ಪಗಾವಲಿದೆ, ಅಗೆಯಲು ಹೋದವನು ರಕ್ತ ಕಾರಿದ ಎಂಬ ಕಥೆ ಮಲೆನಾಡಿನ ಹಲವು ಊರುಗಳಲ್ಲಿ ಇದೆ. ಆ ಕಥೆಗಳಲ್ಲಿ ನಿಧಿ ಯಾವಾಗಲೂ ನೆಲದ ಕೆಳಗಿರುತ್ತಿತ್ತು. ಯಾರೋ ಹಿಂದಿನವರು ಹೂತಿಟ್ಟದ್ದಾಗಿರುತ್ತಿತ್ತು. ಸಿಕ್ಕವನು ಅದನ್ನು ಹೊತ್ತು ಮನೆಗೆ ತರಲೇಬೇಕಿತ್ತು. ವರ್ಜೀನಿಯಾದ ಬುಲ್ ರನ್ ಹೊಳೆಯ ದಂಡೆಯಲ್ಲಿ ಏಪ್ರಿಲ್ ಬಂದಾಗ ನಾವು ಕನ್ನಡ ಶಾಲೆಯ ಮಕ್ಕಳೊಂದಿಗೆ ಆಡುವ ನಿಧಿಶೋಧದಲ್ಲಿ ಈ ಮೂರರಲ್ಲಿ ಮೊದಲನೆಯದು ಮಾತ್ರ ನಿಜ. ನಿಧಿ ವರ್ಷದ ಬಹುಪಾಲು ನೆಲದ ಕೆಳಗೇ ಇರುತ್ತದೆ. ಅದನ್ನು ಯಾರೂ ಹೂತಿಟ್ಟಿಲ್ಲ. ಯಾರೂ ಹೊತ್ತು ತರುವಂತೆಯೂ ಇಲ್ಲ.

ಬುಲ್ ರನ್ ದೊಡ್ಡ ಹೊಳೆಯೇನಲ್ಲ. ವಾಷಿಂಗ್ಟನ್ ನಗರದ ಪಶ್ಚಿಮಕ್ಕೆ, ಸೆಂಟರ್‌ವಿಲ್ ಊರಿನ ಪಕ್ಕದಲ್ಲಿ ಹರಿದು, ಮುಂದೆ ಅಕೊಕ್ವಾನ್ ನದಿಯನ್ನು ಸೇರುತ್ತದೆ. ಅಮೆರಿಕದ ಇತಿಹಾಸ ಓದಿದವರಿಗೆ ಈ ಹೆಸರು ಕೇಳಿದೊಡನೆ ಯುದ್ಧ ನೆನಪಾಗುತ್ತದೆ. ಅಲ್ಲಿನ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು ನಡೆದದ್ದು ಇದೇ ಹೊಳೆಯ ಬಳಿ. ಮರುವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಕಾಳಗವಾಯಿತು. ಆ ರಣಭೂಮಿಯಿಂದ ಹೊಳೆಯ ಗುಂಟ ಕೆಳಗೆ ಬಂದರೆ ಈಗ ಒಂದು ಪ್ರಾದೇಶಿಕ ಉದ್ಯಾನವಿದೆ. ಅದರೊಳಗೆ ಸುಮಾರು ಒಂದೂವರೆ ಮೈಲಿಯ ಕಾಲುಹಾದಿ, ಹೆಸರು ಬ್ಲೂಬೆಲ್ ಟ್ರೇಲ್. ಉಬ್ಬು ತಗ್ಗಿಲ್ಲದ ಹಾದಿ, ಆದರೆ ಕೆಸರು ಜಾಸ್ತಿ. ಹೊಳೆ ಉಕ್ಕಿದಾಗಲೆಲ್ಲ ಎರಡೂ ದಂಡೆಗೆ ಮೆಕ್ಕಲು ಮಣ್ಣು ಹಾಸಿಹೋಗುತ್ತದೆ. ಆ ಮಣ್ಣೇ ಬೇಕು ವರ್ಜೀನಿಯಾ ಬ್ಲೂಬೆಲ್‌ಗೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆ ಹೂವಿನ ಬಹುದೊಡ್ಡ ಹಾಸುಗಳಲ್ಲಿ ಇದೂ ಒಂದು ಎಂದು ಹೆಸರು ಪಡೆದ ಜಾಗ ಇದು.

ಈ ಕಾಡಿನಲ್ಲಿ ಎಲ್ಲವನ್ನೂ ನಿರ್ಧರಿಸುವುದು ಬೆಳಕು. ಓಕ್, ಸಿಕಮೋರ್, ಟ್ಯೂಲಿಪ್ ಪಾಪ್ಲರ್ ಮರಗಳೆಲ್ಲ ನವೆಂಬರ್ ಹೊತ್ತಿಗೆ ಬೋಳಾಗಿ, ಏಪ್ರಿಲ್ ಅರ್ಧ ಕಳೆಯುವವರೆಗೂ ಹಾಗೆಯೇ ನಿಂತಿರುತ್ತವೆ. ಮಾರ್ಚ್‌ನಲ್ಲಿ ಬಿಸಿಲಿಗೆ ಕಾವು ಬಂದಿರುತ್ತದೆ, ತಡೆಯಲು ಮೇಲೆ ಎಲೆಯಿರುವುದಿಲ್ಲ, ನೆಲಕ್ಕೆ ನೇರ ಬೆಳಕು. ಮೇ ತಿಂಗಳು ಬಂತೆಂದರೆ ಮೇಲೆ ಹಸಿರು ಚಪ್ಪರ ಮುಚ್ಚಿ, ಕೆಳಗೆ ನೆರಳು. ಈ ನಡುವಣ ಕೆಲವೇ ವಾರಗಳಲ್ಲಿ ಪುಟ್ಟ ಗಿಡಗಳು ಮೇಲೆದ್ದು, ಎಲೆ ಬಿಚ್ಚಿ, ಹೂಬಿಟ್ಟು, ಕಾಯಿ ಕಟ್ಟಿ, ಮಳೆ ಹಿಡಿಯುವ ಮುಂಚೆ ಅಟ್ಟಕ್ಕೆ ಸೌದೆ ಏರಿಸಿಕೊಳ್ಳುವ ಮನೆಯವರಂತೆ ವರ್ಷಕ್ಕಾಗುವಷ್ಟು ಆಹಾರವನ್ನು ಗೆಡ್ಡೆಗಳಿಗೆ ಇಳಿಸಿಕೊಂಡು ಮರೆಯಾಗುತ್ತವೆ. ಜುಲೈನಲ್ಲಿ ಅದೇ ಹಾದಿಯಲ್ಲಿ ಹೋದರೆ ಬ್ಲೂಬೆಲ್‌ನ ಒಂದು ಎಲೆಯೂ ಕಾಣುವುದಿಲ್ಲ. ಗಿಡ ಸತ್ತಿಲ್ಲ. ಕೆಳಗೆ ಮಲಗಿದೆ.

ಮಕ್ಕಳಿಗೆ ಇದನ್ನು ಪಾಠವಾಗಿ ಹೇಳಿದರೆ ತಲೆಯಾಡಿಸಿ ಮರೆಯುತ್ತಾರೆ. ಹೂವಿನ ಪಟ್ಟಿ ಕೊಟ್ಟು ಗುರುತು ಹಾಕಿ ಎಂದರೆ ಫೋನ್ ತೆಗೆದು ಚಿತ್ರ ಹುಡುಕುತ್ತಾರೆ. ಹಾಗಾಗಿ ಒಗಟು ಕಟ್ಟಿದೆವು. ವಾರಾಂತ್ಯದ ಕನ್ನಡ ತರಗತಿಯಲ್ಲಿ ಒಗಟಿನ ಪಾಠ ಬಂದಾಗ ಮಕ್ಕಳ ಕಣ್ಣು ಹೊಳೆಯುವುದನ್ನು ನೋಡಿದ್ದೆ. ಕಾಗುಣಿತದಲ್ಲಿ ತೂಕಡಿಸುವ ಹುಡುಗ ಒಗಟಿಗೆ ಎದ್ದು ಕೂರುತ್ತಾನೆ. ಅಮೆರಿಕದ ಹೂಗಳಿಗೆ ಕನ್ನಡದಲ್ಲಿ ಒಗಟು ಹಿಂದಿನವರು ಕಟ್ಟಿಲ್ಲವಲ್ಲ, ನಾವೇ ಕಟ್ಟಬೇಕು. ಒಗಟು ಕಟ್ಟಬೇಕಾದರೆ ಹೂವನ್ನು ಚೆನ್ನಾಗಿ ನೋಡಿರಬೇಕು, ಅದು ಉಳಿದ ಹೂಗಳಿಂದ ಎಲ್ಲಿ ಬೇರೆಯಾಗುತ್ತದೆ ಎಂಬುದು ಗೊತ್ತಿರಬೇಕು. ಹಾಗಾಗಿ ಶಿಕ್ಷಕರಾದ ನಮಗೇ ಮೊದಲ ಪಾಠವಾಯಿತು.

ನಿಧಿಶೋಧದ ಆಟ ಹೊಸದೇನಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಕ್ರಾನ್‌ಮಿಯರ್ ಪೂಲ್ ಎಂಬ ದೂರದ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಹೋದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಬರುತ್ತಿದ್ದರು. ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸ ಹುಟ್ಟಿದ್ದು ಹಾಗೆ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರಿಗನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಜಗತ್ತಿಗೆ ತಿಳಿಸಿದ. ಅದು ಜಿಯೋಕ್ಯಾಷಿಂಗ್ ಆಯಿತು. ಇವೆರಡೂ ನನಗೆ ಇಷ್ಟದ ಆಟಗಳೇ. ಮನೆಯೊಳಗೆ ಕೂತವರನ್ನು ಎಬ್ಬಿಸಿ ನಡೆಸಿದ ಆಟಗಳು. ಆದರೆ ಅಲ್ಲಿ ಡಬ್ಬಿ ಸಿಕ್ಕಿದರೆ ಆಟ ಮುಗಿಯಿತು, ಸುತ್ತಲಿನ ಕಾಡು ಬರೀ ಹಿನ್ನೆಲೆ. ನಮ್ಮ ಆಟದಲ್ಲಿ ಡಬ್ಬಿಯೇ ಇಲ್ಲ. ಹೂ ಸಿಕ್ಕಿದ ಮೇಲೆ ಅದನ್ನು ನೋಡುವುದು ಶುರು.

ಆಟದ ನಿಯಮಗಳು ಸರಳ. ಹಾದಿ ಬಿಟ್ಟು ಕಾಲಿಡಬಾರದು. ಕೀಳಬಾರದು. ಉತ್ತರ ಸಿಕ್ಕಿದರೆ ಕೂಗಬಾರದು; ಜೊತೆಯವರನ್ನು ಕರೆದು ತೋರಿಸಬೇಕು. ದಿನಾಂಕವನ್ನೂ ಎಷ್ಟು ಅರಳಿದೆ ಎಂಬುದನ್ನೂ ಪುಸ್ತಕದಲ್ಲಿ ಬರೆಯಬೇಕು. ಇವಕ್ಕಿಂತ ಮೊದಲು, ಉಣ್ಣೆ ಹತ್ತದಂತೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಬೇಕು. ಇಲ್ಲಿನ ಜಿಂಕೆ ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತದೆ. ಮೂರು ಮೂರು ಎಲೆಯ ಪಾಯ್ಸನ್ ಐವಿ ಬಳ್ಳಿಯನ್ನು ದೂರದಿಂದಲೇ ಗುರುತಿಸಬೇಕು. ಅದು ಮಾವು, ಗೇರು ಇರುವ ಕುಟುಂಬಕ್ಕೇ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಗುಲಿ ಕೈ ಬೊಬ್ಬೆಯೆದ್ದವರಿಗೆ ಅದರ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಒಗಟು ಎಲ್ಲರಿಗೂ ಸುಲಭ: ‘ಹುಟ್ಟುವಾಗ ಗುಲಾಬಿ, ಬೆಳೆದ ಮೇಲೆ ನೀಲಿ, ತಲೆ ತಗ್ಗಿಸಿ ನಿಂತವಳ ಹೆಸರು ಹೇಳಿ.’ ಹಾದಿಯ ಎರಡೂ ಬದಿಗೆ ಕಣ್ಣು ಹಾಯುವವರೆಗೂ ಬ್ಲೂಬೆಲ್ಲೇ ಇರುವಾಗ ಉತ್ತರ ಹುಡುಕುವ ಮಾತೇ ಇಲ್ಲ. ಆದ್ದರಿಂದ ಕೆಲಸ ಬೇರೆ ಕೊಡುತ್ತೇವೆ. ಒಂದೇ ಕಡ್ಡಿಯಲ್ಲಿ ಗುಲಾಬಿ, ನೇರಳೆ, ನೀಲಿ ಮೂರೂ ಇರುವ ಗೊಂಚಲು ಹುಡುಕಬೇಕು. ಮೊಣಕಾಲೂರಿ ಕೂತರೆ ಅದು ಕಾಣುತ್ತದೆ: ತುದಿಯಲ್ಲಿ ಬಿಗಿದ ಗುಲಾಬಿ ಮೊಗ್ಗು, ಅದರ ಕೆಳಗೆ ಬಣ್ಣ ತಿರುಗುತ್ತಿರುವ ಅರೆಬಿರಿದ ಮೊಗ್ಗು, ಇನ್ನೂ ಕೆಳಗೆ ತೆಳುನೀಲಿಯ ಪೂರ್ತಿ ಅರಳಿದ ತುತ್ತೂರಿ. ಜೀವಕೋಶದೊಳಗಿನ ರಸದ ಆಮ್ಲೀಯತೆ ಕಡಿಮೆಯಾದಂತೆ ಅದೇ ವರ್ಣದ್ರವ್ಯ ಗುಲಾಬಿಯಿಂದ ನೀಲಿಗೆ ತಿರುಗುತ್ತದೆ. ಎರಡನೆಯ ಕೆಲಸ ಕಷ್ಟದ್ದು. ಲಕ್ಷ ನೀಲಿಗಳ ನಡುವೆ ಎಲ್ಲೋ ಅಪರೂಪಕ್ಕೆ ಬಿಳಿಯ ಬ್ಲೂಬೆಲ್ ಇರುತ್ತದೆ. ಅದನ್ನು ಹುಡುಕುವವರು ಪ್ರತಿಯೊಂದು ಗೊಂಚಲನ್ನೂ ನೋಡಲೇಬೇಕು. ನೀಲಿಯ ಹಾಸು ಎಂದು ಒಂದೇ ನೋಟದಲ್ಲಿ ಮುಗಿಸಿದ್ದವರು, ಒಂದೊಂದನ್ನೂ ಬಿಡಿಯಾಗಿ ನೋಡುತ್ತ ಗಂಟೆ ಕಳೆಯುತ್ತಾರೆ.

‘ಬಿಳಿ ಸೀರೆಗೆ ಗುಲಾಬಿ ಗೆರೆ, ಬಿಸಿಲು ಹೋದರೆ ಬಾಗಿಲು ಮರೆ.’ ಇದು ಸ್ಪ್ರಿಂಗ್ ಬ್ಯೂಟಿ. ಹೆಬ್ಬೆರಳಿನ ಉಗುರಿನಷ್ಟೇ ಹೂವು, ಐದು ಎಸಳು, ಎಸಳಿನ ಮೇಲೆ ಕೂದಲೆಳೆಯ ಗುಲಾಬಿ ಗೀರುಗಳು. ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಆ ಗೀರುಗಳು ಜೇನ್ನೊಣದ ಜಾತಿಯ ಕೀಟಗಳಿಗೆ ಮಕರಂದದ ದಾರಿ ತೋರಿಸುತ್ತವೆ. ಈ ಹೂವನ್ನೇ ನಂಬಿದ ಒಂದು ಪುಟ್ಟ ಕಾಡು ಜೇನ್ನೊಣವಿದೆ, ಆಂಡ್ರೀನಾ ಕುಲದ್ದು. ನೆಲದಲ್ಲಿ ಗೂಡು ತೋಡಿ ಮರಿಗಳಿಗೆ ಈ ಹೂವಿನ ಪರಾಗವನ್ನು ಕೂಡಿಡುತ್ತದೆ. ಪರಾಗವೂ ಗುಲಾಬಿ ಬಣ್ಣದ್ದು. ತಾಳ್ಮೆಯಿಂದ ಕೂತರೆ ಹಿಂಗಾಲುಗಳಿಗೆ ಗುಲಾಬಿ ಹಿಟ್ಟು ಮೆತ್ತಿಕೊಂಡು ಹಾರುವ ನೊಣ ಕಾಣಿಸುತ್ತದೆ. ಅದನ್ನು ಕಂಡ ಮಗುವಿಗೆ ನಾವು ಹೆಚ್ಚಿನ ಅಂಕ ಕೊಡುತ್ತೇವೆ. ಹೂ ನೋಡಿದವರು ಬಹಳ, ಹೂವಿನ ನೆಂಟನನ್ನು ನೋಡಿದವರು ಕಡಿಮೆ.

‘ಒಗೆದವರು ಯಾರೂ ಇಲ್ಲ, ಹಗ್ಗದ ತುಂಬ ಬಿಳಿ ಚಲ್ಲಣ; ಕಾಲು ಮೇಲೆ, ಸೊಂಟ ಕೆಳಗೆ.’ ಡಚ್‌ಮನ್ಸ್ ಬ್ರಿಚಸ್ ಎಂಬ ಹೂವಿಗೆ ಈ ಒಗಟು ಹೇಳಿದೊಡನೆ ಮಕ್ಕಳು ನಗುತ್ತ ಓಡಾಡುತ್ತಾರೆ, ಹುಡುಕಿಯೂ ಬಿಡುತ್ತಾರೆ. ಮೇಲೆ ಚಾಚಿದ ಆ ಎರಡು ಕಾಲುಗಳ ತುದಿಯಲ್ಲಿ ಮಕರಂದವಿದೆ. ಅಲ್ಲಿಗೆ ತಲುಪಲು ಉದ್ದ ನಾಲಿಗೆ ಬೇಕು. ಚಳಿಗಾಲವಿಡೀ ಮಣ್ಣಿನಲ್ಲಿ ಮಲಗಿ ಆಗಷ್ಟೇ ಎದ್ದ ಬಂಬಲ್‌ಬೀ ರಾಣಿಗೆ ಅಂಥ ನಾಲಿಗೆಯಿದೆ. ಅವಳಿಗೆ ಗೂಡು ಕಟ್ಟಲು ಶಕ್ತಿ ಬೇಕು, ಹೂವಿಗೆ ಪರಾಗಸ್ಪರ್ಶ ಬೇಕು. ಇಬ್ಬರ ಅಗತ್ಯವೂ ಒಂದೇ ವಾರದಲ್ಲಿ ಕೂಡಿಬರುತ್ತದೆ.

‘ಒಂದು ಕೊಡೆ ಹಿಡಿದವಳು ಬರಿಗೈ, ಎರಡು ಕೊಡೆ ಹಿಡಿದವಳ ಕಂಕುಳಲ್ಲಿ ಕೂಸು.’ ಇದು ಮೇ ಆಪಲ್. ಕಾಡಿನ ನೆಲದಲ್ಲಿ ಅಂಗೈಗಿಂತ ಅಗಲದ ಹಸಿರು ಕೊಡೆಗಳು ಗುಂಪುಗುಂಪಾಗಿ ನಿಂತಿರುತ್ತವೆ. ಒಂದೇ ಎಲೆಯ ಗಿಡಕ್ಕೆ ಹೂವಿಲ್ಲ. ಎರಡು ಎಲೆಯಾಗಿ ಕವಲೊಡೆದ ಗಿಡದಲ್ಲಿ, ಆ ಕವಲಿನ ಸಂದಿಯಲ್ಲಿ ಒಂದೇ ಒಂದು ಮೊಗ್ಗು. ಮೇಲಿಂದ ನೋಡಿದವರಿಗೆ ಅದು ಕಾಣದು. ತಲೆಯನ್ನು ನೆಲಕ್ಕೆ ತಾಗಿಸಿ ಕೊಡೆಯಡಿಗೆ ಇಣುಕಬೇಕು. ಹಣ್ಣಾದ ಕಾಯನ್ನು ಬಿಟ್ಟರೆ ಗಿಡದ ಮೈಯೆಲ್ಲ ವಿಷ. ಇದರ ಹಿಮಾಲಯದ ಸೋದರ ಗಿಡದಿಂದ ತೆಗೆದ ಪೊಡೊಫಿಲೊಟಾಕ್ಸಿನ್ ಎಂಬ ವಸ್ತುವಿನಿಂದಲೇ ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧ ತಯಾರಾಯಿತು. ಆ ಬೇಡಿಕೆಯಿಂದ ಹಿಮಾಲಯದ ಗಿಡ ಎಷ್ಟು ಅಗೆತಕ್ಕೆ ಒಳಗಾಯಿತೆಂದರೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ.

‘ಗುಡಿಯೊಳಗೆ ನಿಂತವನಿಗೆ ಗೋಪುರವೇ ಕೊಡೆ, ಈ ವರ್ಷ ಅಪ್ಪ, ಬರುವ ವರ್ಷ ಅವ್ವ.’ ಇದರ ಉತ್ತರ ಕಂಡುಹಿಡಿದದ್ದು ಮಕ್ಕಳಲ್ಲ. ಊರಿಂದ ಬಂದಿದ್ದ ಒಬ್ಬ ಹುಡುಗನ ಅಜ್ಜಿ, ಹಾದಿಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಸಿರು ಕಂದು ಪಟ್ಟೆಯ ಒಂದು ಹೂವನ್ನು ಬಹಳ ಹೊತ್ತು ನೋಡಿದರು. ನಳಿಗೆಯಂತೆ ಸುತ್ತಿಕೊಂಡ ಎಲೆ, ಮೇಲೆ ಬಾಗಿದ ಮುಚ್ಚಳ, ಒಳಗೆ ಗೂಟದಂಥ ಒಂದು ದಂಡ. ಬೆರಳ ತುದಿಯಿಂದ ಮುಚ್ಚಳವನ್ನು ಮೆಲ್ಲಗೆ ಎತ್ತಿ ಒಳಗೆ ಇಣುಕಿದರು. “ಇದು ನಮ್ಮ ಕೆಸುವಿನ ಕುಲದ್ದಲ್ಲವಾ?” ಎಂದರು. ಸಸ್ಯವಿಜ್ಞಾನಿಯ ಮುಂದೆ ಹೇಳಿದ್ದರೂ ಅವರಿಗೆ ಪೂರ್ತಿ ಅಂಕ ಸಿಗುತ್ತಿತ್ತು. ಜ್ಯಾಕ್ ಇನ್ ದ ಪಲ್ಪಿಟ್ ಎಂದು ಇಲ್ಲಿ ಕರೆಯುವ ಈ ಗಿಡ, ಕೆಸು, ಸುವರ್ಣಗೆಡ್ಡೆಗಳ ಕುಟುಂಬಕ್ಕೇ ಸೇರಿದ್ದು. ಇದರ ಕುಲವಾದ ಅರಿಸೀಮಾದ ಬಳಗದವರು ಮೊದಲ ಮಳೆ ಬಿದ್ದಾಗ ನಮ್ಮ ಪಶ್ಚಿಮಘಟ್ಟದಲ್ಲೂ ಹೆಡೆಯೆತ್ತುತ್ತಾರೆ. ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. “ಇದನ್ನು ಬಾಯಿಗಿಟ್ಟರೆ ಗಂಟಲು ತುರಿಸೋದು ಖಂಡಿತ, ಹುಣಸೆಹುಳಿ ಹಾಕಿದರೂ ತಡೆಯಲಿಕ್ಕಿಲ್ಲ” ಎಂದು ಮಕ್ಕಳಿಗೆ ಎಚ್ಚರಿಸಿದರು. ಪತ್ರೊಡೆ ಮಾಡಿ ಬಲ್ಲ ಕೈಗೆ, ಆ ಕುಟುಂಬದ ಗಿಡಗಳಲ್ಲಿ ಅಡಗಿದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳ ಪರಿಚಯ ಪುಸ್ತಕ ಓದದೆಯೇ ಇತ್ತು.

ಒಗಟಿನ ಎರಡನೆಯ ಸಾಲನ್ನು ನಾನು ಬಿಡಿಸಿದೆ. ಈ ಗಿಡ ಚಿಕ್ಕದಿದ್ದಾಗ ಗಂಡು. ಗೆಡ್ಡೆಯಲ್ಲಿ ಆಹಾರ ಸಾಕಷ್ಟು ಕೂಡಿದ ವರ್ಷ ಹೆಣ್ಣಾಗಿ ಕಾಯಿ ಕಟ್ಟುತ್ತದೆ. ಕಾಯಿ ಕಟ್ಟಿ ಸೊರಗಿದರೆ ಮರುವರ್ಷ ಮತ್ತೆ ಗಂಡಾಗಬಹುದು. ಪರಾಗ ಸಾಗಿಸುವುದು ಅಣಬೆಯ ಮೇಲೆ ಬದುಕುವ ಸಣ್ಣ ನುಸಿಗಳು. ಗಂಡು ಹೂವಿನ ನಳಿಗೆಯ ಬುಡದಲ್ಲಿ ನುಸಿ ನುಸುಳಿ ಹೊರಹೋಗುವಷ್ಟು ಸಂದಿಯಿದೆ; ಹೆಣ್ಣು ಹೂವಿನಲ್ಲಿ ಆ ಸಂದಿಯಿಲ್ಲ. ಒಳಹೊಕ್ಕ ನುಸಿ ಪರಾಗವನ್ನು ಬಿಟ್ಟು ಅಲ್ಲೇ ಉಳಿದುಬಿಡುತ್ತದೆ. ಮಕ್ಕಳು ಇದನ್ನು ಕೇಳಿ ಸುಮ್ಮನಾದರು. ಒಬ್ಬಳು ಕೂಡಲೇ ಬುಡದ ಸಂದಿ ಹುಡುಕಲು ಮತ್ತೆ ಕೆಸರಿಗೆ ಮೊಣಕಾಲೂರಿದಳು.

ಕೊನೆಯ ಒಗಟಿಗೆ ನೆಲದಿಂದ ಕಣ್ಣೆತ್ತಬೇಕು. ‘ಬೋಳು ಕೊಂಬೆಗೆ ಕಂದು ಗಂಟೆ, ಸೀತಾಫಲಕ್ಕೂ ಇದಕ್ಕೂ ನಂಟೇ?’ ಹೌದು, ನಂಟೇ. ಹೊಳೆಯಂಚಿನಲ್ಲಿ ಗುಂಪಾಗಿ ಬೆಳೆಯುವ ಪಾಪಾ ಎಂಬ ಕಿರುಮರ ಸೀತಾಫಲ, ರಾಮಫಲಗಳ ಕುಟುಂಬದ್ದು. ಆ ಉಷ್ಣವಲಯದ ಮನೆತನದಿಂದ ಇಷ್ಟು ಉತ್ತರದ ಹಿಮದ ನಾಡಿಗೆ ಬಂದು ನೆಲೆಸಿದ ಗಿಡ. ಎಲೆ ಮೂಡುವ ಮುಂಚೆ ಬರಿ ಕೊಂಬೆಗೆ ಕಡುಕೆಂಪು ಕಂದಿನ ಹೂಗಳು ಕೆಳಮುಖವಾಗಿ ತೂಗುತ್ತವೆ. ದುಂಬಿಗಳೂ ನೊಣಗಳೂ ಇದರ ಅತಿಥಿಗಳು. ಜೀಬ್ರಾ ಸ್ವಾಲೋಟೇಲ್ ಎಂಬ ಕಪ್ಪು ಬಿಳಿ ಪಟ್ಟೆಯ ಚಿಟ್ಟೆಯ ಮರಿಗಳಿಗೆ ಈ ಬಳಗದ ಎಲೆಯೇ ಬೇಕು, ಬೇರೇನೂ ಒಗ್ಗದು. ಪಾಪಾ ಇಲ್ಲದ ಕಡೆ ಆ ಚಿಟ್ಟೆಯೂ ಇಲ್ಲ.

ಎಲ್ಲ ಒಗಟಿಗೂ ಹೂವೇ ಸಿಗುತ್ತದೆಂದೇನೂ ಇಲ್ಲ. ಬ್ಲಡ್‌ರೂಟ್ ಎಂಬ ಬಿಳಿ ಹೂವಿನ ಸರದಿ ನಾವು ಹೋಗುವ ಹೊತ್ತಿಗೆ ಮುಗಿದಿರುತ್ತದೆ. ಗಾಯವಾದರೆ ಕೆಂಪು ರಸ ಸೋರುವ ಬೇರು ಅದರದ್ದು. ಅರಳಿ ಕೆಲವೇ ದಿನದಲ್ಲಿ ಎಸಳೆಲ್ಲ ಉದುರಿ, ಎಲೆ ಮಾತ್ರ ಅಗಲವಾಗಿ ನಿಂತಿರುತ್ತದೆ. ಒಬ್ಬ ಹುಡುಗ ಅದರ ಎಲೆ ನೋಡಿ, ಹೂವಿಲ್ಲವೆಂದು ಬೇಸರಪಟ್ಟ. ಎಲೆಯ ಕೆಳಗಿನ ಮೊನಚು ಕಾಯಿಯನ್ನು ತೋರಿಸಿದೆ. ಅದರೊಳಗಿನ ಬೀಜಕ್ಕೆ ಎಣ್ಣೆಯಂಶದ ಬಿಳಿಯ ತುಣುಕೊಂದು ಅಂಟಿಕೊಂಡಿರುತ್ತದೆ. ಕಾಯಿ ಬಿರಿದಾಗ ಇರುವೆಗಳು ಆ ತುಣುಕಿನ ಆಸೆಗೆ ಬೀಜವನ್ನೇ ಗೂಡಿಗೆ ಎಳೆದೊಯ್ಯುತ್ತವೆ. ತುಣುಕು ತಿಂದು ಬೀಜವನ್ನು ಕಸದ ಗುಂಡಿಗೆ ಎಸೆಯುತ್ತವೆ. ಆ ಗುಂಡಿಯ ಫಲವತ್ತಾದ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ. ಇಲ್ಲಿನ ವಸಂತದ ಎಷ್ಟೋ ಗಿಡಗಳು ಹೀಗೆ ಇರುವೆ ನಡೆಯುವಷ್ಟು ದೂರ ಮಾತ್ರ ಹಬ್ಬುತ್ತವೆ. ಹಾಗಾಗಿ ಒಮ್ಮೆ ಉತ್ತು ಹೊಲ ಮಾಡಿದ ಜಾಗ ಮತ್ತೆ ಕಾಡಾದರೂ ಈ ಹೂಗಳು ಅಲ್ಲಿಗೆ ಮರಳಲು ಬಹುಕಾಲ ಹಿಡಿಯುತ್ತದೆ.

ಬೆಳೆಯುವ ವೇಗವೂ ಹಾಗೆಯೇ. ಟ್ರೌಟ್ ಲಿಲಿ ಎಂಬ ಪುಟ್ಟ ಹಳದಿ ಹೂವಿನ ಗಿಡ ಬೀಜದಿಂದ ಹೂವಿಗೆ ಬರಲು ಹಲವು ವರ್ಷ ತೆಗೆದುಕೊಳ್ಳುತ್ತದೆ; ಮೀನಿನ ಮೈಯ ಹಾಗೆ ಚುಕ್ಕೆಯಿರುವ ಒಂದೇ ಎಲೆ ಬಿಟ್ಟುಕೊಂಡು ವರ್ಷ ವರ್ಷ ಕಾಯುತ್ತದೆ, ಎರಡನೆಯ ಎಲೆ ಬಂದ ವರ್ಷ ಹೂ. ಇಲ್ಲಿಂದ ಪಶ್ಚಿಮಕ್ಕೆ ಬ್ಲೂ ರಿಜ್ ಬೆಟ್ಟಗಳಲ್ಲಿ, ಲಿಂಡನ್ ಊರಿನ ಬಳಿಯ ಥಾಂಪ್ಸನ್ ವನ್ಯಜೀವಿ ಪ್ರದೇಶದಲ್ಲಿ, ಮೇ ಮೊದಲ ವಾರಗಳಲ್ಲಿ ಬಿಳಿ ಟ್ರಿಲಿಯಂ ಹೂಗಳು ಇಳಿಜಾರಿಗೆ ಇಳಿಜಾರೇ ತುಂಬಿ ನಿಲ್ಲುತ್ತವೆ. ಮೂರು ಎಲೆ, ಮೂರು ಎಸಳು. ಮುಪ್ಪಾದಂತೆ ಬಿಳಿ ಹೋಗಿ ಗುಲಾಬಿಯಾಗುತ್ತದೆ. ಬೀಜದಿಂದ ಮೊದಲ ಹೂವಿಗೆ ಅದಕ್ಕೆ ಏಳು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ನನ್ನ ತರಗತಿಯ ಕೆಲವು ಮಕ್ಕಳಿಗೆ ಇನ್ನೂ ಏಳು ತುಂಬಿಲ್ಲ. ನೀನು ಹುಟ್ಟುವ ಮೊದಲು ಮೊಳೆತ ಗಿಡ ಇದು, ಇವತ್ತು ಮೊದಲ ಸಲ ಹೂಬಿಟ್ಟಿರಬಹುದು ಎಂದು ಹೇಳಿದರೆ ಸಾಕು, ಕೀಳಬೇಡ ಎಂದು ಇನ್ನೊಮ್ಮೆ ಹೇಳಬೇಕಾಗುವುದಿಲ್ಲ. ನಿಯಮಕ್ಕಿಂತ ಈ ವಯಸ್ಸಿನ ಲೆಕ್ಕ ಮಕ್ಕಳ ಕಾಲನ್ನು ಹೆಚ್ಚು ಚೆನ್ನಾಗಿ ಕಾಯುತ್ತದೆ.

ಟ್ರಿಲಿಯಂಗೆ ನಮ್ಮ ದೇಶದಲ್ಲಿ ಒಬ್ಬ ದಾಯಾದಿಯಿದ್ದಾನೆ. ಹಿಮಾಚಲ, ಕಾಶ್ಮೀರದ ಎತ್ತರದ ಕಾಡುಗಳ ನಾಗಛತ್ರಿ. ಅದೇ ಮೂರು ಎಲೆಯ ಛತ್ರಿ, ನಡುವೆ ಕಿರುಹೂ. ಏಷ್ಯಾದ ಬೆಟ್ಟಗಳಿಗೂ ಅಮೆರಿಕದ ಪೂರ್ವದ ಕಾಡುಗಳಿಗೂ ನಡುವಿನ ಇಂಥ ನಂಟನ್ನು 19ನೆಯ ಶತಮಾನದಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಗುರುತಿಸಿದ್ದರು; ಒಂದು ಕಾಲಕ್ಕೆ ಉತ್ತರಾರ್ಧಗೋಳದ ಉದ್ದಕ್ಕೂ ಹಬ್ಬಿದ್ದ ಕಾಡಿನ ಉಳಿಕೆಗಳು ಇವು. ಅಲ್ಲಿ ನಾಗಛತ್ರಿಯ ಗೆಡ್ಡೆಗೆ ಒಳ್ಳೆಯ ಬೆಲೆ ಬಂದಾಗ ಜನ ಅದನ್ನು ನಿಜವಾಗಿಯೂ ನಿಧಿಯಂತೆ ಅಗೆದರು. ಗೆಡ್ಡೆ ಅಗೆದ ಮೇಲೆ ಗಿಡವಿಲ್ಲ, ಮುಂದಿನ ವರ್ಷಗಳ ಬೀಜವಿಲ್ಲ. ಅಗೆದವರು ಬಡವರು, ಅವರ ಮೇಲೆ ತಪ್ಪು ಹೊರಿಸಿ ನಾನು ಸುಮ್ಮನಾಗಲಾರೆ. ಕೊಂಡವರು ದೂರದ ಪಟ್ಟಣಗಳಲ್ಲಿದ್ದರು. ಆ ಗಿಡ ಹೂಬಿಡಲು ಎಷ್ಟು ವರ್ಷ ಕಾಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೊತ್ತು ತರುವ ನಿಧಿ ಒಂದು ಸಲಕ್ಕೆ ಮುಗಿಯುತ್ತದೆ. ಇದ್ದಲ್ಲೇ ಬಿಟ್ಟ ನಿಧಿ ಮುಂದಿನ ವಸಂತಕ್ಕೂ ಇರುತ್ತದೆ.

ಹಾಗಾದರೆ ಮಕ್ಕಳು ಮನೆಗೆ ಏನು ತರುತ್ತಾರೆ? ದಿನಾಂಕ ತರುತ್ತಾರೆ. ಅದು ಸಣ್ಣ ಸಂಪತ್ತಲ್ಲ. ಅಮೆರಿಕದ ಮೂರನೆಯ ಅಧ್ಯಕ್ಷನಾಗುವ ಬಹಳ ಮೊದಲು, 1766ರ ಏಪ್ರಿಲ್ 16ರಂದು, ತರುಣ ಥಾಮಸ್ ಜೆಫರ್ಸನ್ ತನ್ನ ತೋಟದ ಪುಸ್ತಕದಲ್ಲಿ ತಗ್ಗುಪ್ರದೇಶದ ಒಂದು ನೀಲಿಬಣ್ಣದ, ಆಲಿಕೆಯಾಕಾರದ ಹೂ ಅರಳಿದ್ದನ್ನು ಬರೆದಿಟ್ಟ. ಬಲ್ಲವರು ಅದನ್ನು ಬ್ಲೂಬೆಲ್ ಎನ್ನುತ್ತಾರೆ. ನಮ್ಮ ಮಕ್ಕಳ ಪುಸ್ತಕದಲ್ಲೂ ಏಪ್ರಿಲ್ ನಡುವಿನ ದಿನಾಂಕಗಳೇ ಇವೆ. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನಲ್ಲಿ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ವರ್ಷ ವರ್ಷ ಕಾಡು ಸುತ್ತಿ, ಯಾವ ಹೂ ಯಾವತ್ತು ಅರಳಿತು, ಯಾವ ಮರ ಯಾವತ್ತು ಎಲೆಬಿಟ್ಟಿತು ಎಂದು ಗುರುತು ಹಾಕಿಕೊಂಡ. ಒಂದೂವರೆ ಶತಮಾನದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಜೊತೆಗಾರರು ಆ ಪಟ್ಟಿ ಹಿಡಿದು ಅದೇ ಊರಿನಲ್ಲಿ ನಡೆದರು. ವಸಂತದ ಹೂಗಳು ಥೋರೊನ ಕಾಲಕ್ಕಿಂತ ಸರಾಸರಿ ಒಂದು ವಾರ ಮುಂಚೆ ಅರಳುತ್ತಿದ್ದವು. ಭೂಮಿ ಬಿಸಿಯಾಗಿರುವುದಕ್ಕೆ ಹೂಗಳೇ ಸಾಕ್ಷಿ ನುಡಿದವು.

2019ರಲ್ಲಿ ಪ್ರಕಟವಾದ ಅವರ ಮುಂದಿನ ಅಧ್ಯಯನ ಇನ್ನೂ ಕಳವಳದ್ದು. ಹೂಗಳು ಮುಂಚಿತವಾಗಿರುವುದಕ್ಕಿಂತ ಹೆಚ್ಚು ವೇಗದಲ್ಲಿ ಮರಗಳು ಎಲೆಬಿ​ಡುವ ಕಾಲ ಮುಂಚಿತವಾಗುತ್ತಿದೆ. ಅಂದರೆ ನೆಲದ ಗಿಡಗಳಿಗೆ ಸಿಗುವ ಬೆಳಕಿನ ವಾರಗಳು ಎರಡೂ ಕಡೆಯಿಂದ ಸಮನಾಗಿ ಸರಿಯುತ್ತಿಲ್ಲ, ಕಿರಿದಾಗುತ್ತಿವೆ. ವರ್ಷದ ಆಹಾರವನ್ನೆಲ್ಲ ಆ ಕೆಲವೇ ವಾರಗಳಲ್ಲಿ ಕೂಡಿಡಬೇಕಾದ ಗಿಡಕ್ಕೆ ಕೆಲವು ದಿನ ಕಡಿಮೆಯಾದರೂ ನಷ್ಟ ದೊಡ್ಡದು. ಹಿಂದೊಬ್ಬ ಮನುಷ್ಯ ಹೂವಿನ ಮುಂದೆ ಬಗ್ಗಿ ದಿನಾಂಕ ಬರೆಯದಿದ್ದರೆ ಈ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ. ಥೋರೊ ಹವಾಮಾನದ ಸಂಶೋಧನೆ ಮಾಡಲು ಹೊರಟವನಲ್ಲ. ಹೂವನ್ನು ಹುಡುಕಿಕೊಂಡು ಹೋದವನು, ಕಂಡದ್ದನ್ನು ನಿಷ್ಠೆಯಿಂದ ಬರೆದವನು.

ಇದನ್ನೆಲ್ಲ ಬರೆಯುವಾಗ ನನಗೆ ನಮ್ಮ ಊರಿನ ಮೇ, ಜೂನ್ ತಿಂಗಳು ಕಣ್ಣ ಮುಂದೆ ಬರುತ್ತದೆ. ಅಲ್ಲಿ ಕಾಡಿನ ನೆಲವನ್ನು ಎಬ್ಬಿಸುವುದು ಮೊದಲ ಮಳೆ. ‘ಗಿಡವಿಲ್ಲ, ಎಲೆಯಿಲ್ಲ, ನೆಲವೇ ಹೂಬಿಟ್ಟಿದೆ’ ಎಂದರೆ ಮಲೆನಾಡಿನವರು ನೆಲಸಂಪಿಗೆ ಎಂದು ಥಟ್ಟನೆ ಹೇಳಿಯಾರು. ಎಲೆ ಮೂಡುವ ಮೊದಲೇ ಮಣ್ಣಿನಿಂದ ನೇರವಾಗಿ ಹೂ ಏಳುತ್ತದೆ. ಮರದ ಕೊಂಬೆಯಿಂದ ಸೀತಾಳೆ ದಂಡೆ ಇಳಿಬೀಳುತ್ತದೆ. ಮಳೆ ಬಲಿತಂತೆ ಬೇಲಿಯ ಮೇಲೆ ಗೌರಿ ಹೂವಿನ ಬೆಂಕಿ ಹತ್ತುತ್ತದೆ. ಕೆಸುವಿನ ಕಾಡುನಂಟರು ಹೆಡೆಯೆತ್ತುತ್ತಾರೆ. ಇವಕ್ಕೆ ಒಗಟು ಕಟ್ಟಲು ನಮಗಿಂತ ಬಲ್ಲವರು ಅಲ್ಲೇ ಮನೆಮನೆಯಲ್ಲಿದ್ದಾರೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಯೋಜನೆಯಲ್ಲಿ ದೇಶದ ನಾನಾ ಕಡೆಯ ಶಾಲೆಯ ಮಕ್ಕಳು ತಮ್ಮ ಸುತ್ತಲಿನ ಮರಗಳು ಚಿಗುರಿದ್ದು, ಹೂಬಿಟ್ಟದ್ದು, ಕಾಯಿ ಕಟ್ಟಿದ್ದನ್ನು ವಾರ ವಾರ ಗಮನಿಸಿ ಬರೆಯುತ್ತಾರೆ. ಮರಗಳಿಗೆ ಸಿಕ್ಕ ಆ ಗಮನ ನೆಲದ ಹೂಗಳಿಗೂ ಸಿಗಲಿ ಎಂಬುದು ನನ್ನ ಆಸೆ.

ಮಲೆನಾಡಿನಲ್ಲೋ ಕೊಡಗಿನಲ್ಲೋ ಕನ್ನಡ ಮೇಷ್ಟರೊಬ್ಬರು ಈ ಮಳೆಗಾಲದಲ್ಲಿ ಮಕ್ಕಳ ಕೈಗೆ ನಾಲ್ಕು ಒಗಟು ಕೊಟ್ಟು ಶಾಲೆಯ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗಲಿ. ಉತ್ತರವನ್ನು ಅಜ್ಜಿಯರಿಂದ ಕೇಳಿಬರಲು ಹೇಳಲಿ. ಹೂವನ್ನು ಅದಿದ್ದಲ್ಲೇ ಬಿಟ್ಟು, ಕಂಡ ದಿನವನ್ನು ಪುಸ್ತಕದಲ್ಲಿ ಬರೆಸಲಿ. ಮುಂದಿನ ವರ್ಷದ ತರಗತಿ ಅದೇ ಪುಸ್ತಕದ ಮುಂದಿನ ಸಾಲು ತುಂಬಲಿ. ನೆಲಸಂಪಿಗೆ ಯಾವಾಗ ಏಳುತ್ತಿತ್ತು, ಈಗ ಯಾವಾಗ ಏಳುತ್ತಿದೆ ಎಂದು ಮುಂದೊಂದು ದಿನ ಯಾರಾದರೂ ಕೇಳಿದರೆ, ಉತ್ತರ ಕನ್ನಡದಲ್ಲಿ, ಮಕ್ಕಳ ಕೈಬರಹದಲ್ಲಿ ಸಿದ್ಧವಿರಬೇಕು.